ಕೆಂಪು ಸೊಂಟದ ಇರುವೆ

ಇರುವೆ ಕಚ್ಚಿ ಮನುಷ್ಯರು ಸಾಯುತ್ತಾರೆ ಎಂದು ಯಾರಾದರೂ ಹೇಳಿದ್ದರೆ, ಆ ಬೇಸಿಗೆಯವರೆಗೆ ನಾನೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಈಗ ಹಾಗೆ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಗಲಿ ಬಿಡಿ. ಅವರ ಅತ್ತೆಯನ್ನು ಅವರು ಕಾಳಿ ಸೇತುವೆಯ ಮೇಲೆ ತೊಡೆಯಲ್ಲಿ ಮಲಗಿಸಿಕೊಂಡು ಹೋಗಿಲ್ಲ.

ನಾನು ಅಂಕೋಲೆ ತಾಲೂಕಿನ ಬೆಳಂಬಾರದವಳು. ಮದುವೆಯಾಗಿ ಬಂದದ್ದು ಮಾಜಾಳಿಗೆ. ಸದಾಶಿವಗಡದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಗಂಡನಿಗೆ ಗೋವಾದ ಕಂಪನಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚಿದ ಮೇಲೆಯೇ ಮನೆಗೆ ಬರುತ್ತಿದ್ದರು. ಹಾಗಾಗಿ ಮನೆಯಲ್ಲಿ ಹೆಚ್ಚಿನ ಹೊತ್ತು ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆಗೆ ಆಗ ಅರವತ್ತು ದಾಟಿತ್ತು. ಮನೆಯ ಹಿಂದಿನ ಗುಡ್ಡೆಯಲ್ಲಿ ಎಂಟೋ ಹತ್ತೋ ಗೇರುಮರಗಳಿದ್ದವು. ಬೇಸಿಗೆ ಬಂತೆಂದರೆ ಅವರು ಮನೆಯೊಳಗೆ ಇರುತ್ತಿದ್ದುದು ಊಟಕ್ಕೆ ಮತ್ತು ನಿದ್ದೆಗೆ ಮಾತ್ರ. ಉಳಿದಂತೆ ಗುಡ್ಡೆಯೇ ಅವರ ಮನೆ, ಅಲ್ಲಿನ ಮರಗಳ ಜೊತೆ ಕೊಂಕಣಿಯಲ್ಲಿ ಜಗಳ ಆಡಿಕೊಂಡೇ ಗೇರುಬೀಜ ಕೊಯ್ಯುತ್ತಿದ್ದರು.

ಶಾಲೆಗೆ ಆಗಷ್ಟೇ ರಜೆ ಬಿದ್ದಿತ್ತು. ನಾನು ಹಿತ್ತಲಲ್ಲಿ ಬಂಗಡೆ ಹೆಚ್ಚುತ್ತ ಕೂತಿದ್ದೆ. ಅತ್ತೆ ಗುಡ್ಡೆಯಿಂದ ಬೇಗ ಇಳಿದು ಬಂದರು. ಬುಟ್ಟಿ ಅರ್ಧವೂ ತುಂಬಿರಲಿಲ್ಲ.

"ಅಗೋ, ಇರುವೆ ಕಚ್ತು ಗೋ. ಉರಿ ಅಂದ್ರೆ ಉರಿ," ಎಂದು ಮೊಣಕೈ ತೋರಿಸಿದರು.

"ಸುಣ್ಣ ಹಚ್ಕೊಳ್ಳಿ ಅತ್ತೆ," ಎಂದೆ. ತಲೆ ಎತ್ತಿಯೂ ನೋಡಲಿಲ್ಲ. ಮೀನಿನ ಕೈ.

ಐದು ನಿಮಿಷವೂ ಆಗಿರಲಿಕ್ಕಿಲ್ಲ. ಅವರು ಕುತ್ತಿಗೆ ಕೆರೆಯಲು ಶುರು ಮಾಡಿದರು, ಆಮೇಲೆ ಹೊಟ್ಟೆ, ಆಮೇಲೆ ಅಂಗಾಲು. ನೋಡುತ್ತಿದ್ದ ಹಾಗೆಯೇ ತುಟಿ ದಪ್ಪಗಾಗಿ ಮುಖ ಯಾರದೋ ಮುಖವಾಯಿತು. "ಗಂಟಲು... ಗಂಟಲು ಯಾರೋ ಹಿಡ್ಕೊಂಡ ಹಾಗೆ ಆಗ್ತದೆ," ಎಂದವರು ಮೆಟ್ಟಿಲ ಮೇಲೆಯೇ ಕುಸಿದರು. ನಾನು ಬೊಬ್ಬೆ ಹೊಡೆದೆ. ಎದುರು ಮನೆಯವರು ವ್ಯಾನು ತೆಗೆದರು. ನಾನು ಮೀನಿನ ಕೈಯಲ್ಲೇ ಹತ್ತಿದೆ. ಸೇತುವೆ ಬರುವಾಗ ಅವರ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಕಾಳಿ ನದಿ ಅಷ್ಟು ಅಗಲ ಇದೆಯೆಂದು ನನಗೆ ಗೊತ್ತಾದದ್ದು ಅವತ್ತೇ.

ಕಾರವಾರದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಆಮ್ಲಜನಕ ಹಾಕಿದರು. ಸಂಜೆಗೆ ಅತ್ತೆ ಕಣ್ಣು ಬಿಟ್ಟು ಚಾ ಕೇಳಿದರು. ಏನು ಕಚ್ಚಿದ್ದು ಎಂದು ಡಾಕ್ಟರು ಕೇಳಿದಾಗ ನಾನು ಇರುವೆ ಎಂದೆ. ಪಕ್ಕದ ಹಾಸಿಗೆಯ ರೋಗಿಯ ಜೊತೆಗಿದ್ದವಳು ಕಿಸಕ್ಕನೆ ನಕ್ಕಳು. ಡಾಕ್ಟರು ನಗಲಿಲ್ಲ.

"ಕೆಲವರ ಮೈಗೆ ಅದರ ವಿಷ ಆಗೋದಿಲ್ಲ. ಈ ಸಲ ಉಳಿದ್ರು. ಮುಂದಿನ ಸಲ ಇಷ್ಟು ಸಮಯ ಸಿಗ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ. ಯಾವ ಇರುವೆ ಅಂತ ಪತ್ತೆ ಮಾಡಿ, ಅದರಿಂದ ದೂರ ಇಡಿ," ಎಂದರು.

ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಹಾವಾದರೆ ಬಾಗಿಲು ಹಾಕಿಕೊಳ್ಳಬಹುದು, ನಾಯಿಯಾದರೆ ಕಲ್ಲು ಹೊಡೆಯಬಹುದು. ಇರುವೆಯಿಂದ ದೂರ ಇಡುವುದು ಎಂದರೆ ಹೇಗೆ? ಮನುಷ್ಯರನ್ನು ಆಕಾಶದಲ್ಲಿ ತೂಗು ಹಾಕಬೇಕೇ?

ಯಾವ ಇರುವೆ ಎಂದು ಅತ್ತೆಯನ್ನು ಕೇಳಿದೆ.

"ದೊಡ್ಡದು. ಕಪ್ಪು," ಎಂದರು.

ಅಷ್ಟೇ ಸಾಕಾಯಿತು. ದೊಡ್ಡ ಕಪ್ಪಿರುವೆ, ಗೊದ್ದ ಎನ್ನುತ್ತಾರಲ್ಲ, ಅದು ನಮ್ಮ ಅಂಗಳದಲ್ಲಿ ಬೇಕಾದಷ್ಟಿತ್ತು. ನಾನು ಸೊಂಟಕ್ಕೆ ಸೆರಗು ಕಟ್ಟಿ ಯುದ್ಧಕ್ಕೆ ಇಳಿದೆ. ಹೊಸ್ತಿಲಿಗೆಲ್ಲ ಇರುವೆ ಕೊಲ್ಲುವ ಚಾಕ್‌ಪೀಸಿನಿಂದ ಗೆರೆ ಎಳೆದೆ. ಬಿಲಗಳಿಗೆ ಬಿಸಿನೀರು ಸುರಿದೆ. ತುಳಸಿ ಕಟ್ಟೆಯ ಬುಡಕ್ಕೆ ಸೀಮೆಎಣ್ಣೆ ಹಾಕಿ ಅತ್ತೆಯ ಬಾಯಿಂದ ಬೈಗುಳ ತಿಂದೆ. ಬೆಳಿಗ್ಗೆ ಎದ್ದ ಕೂಡಲೇ ಅವರ ಹಾಸಿಗೆ ಕೊಡವುವುದು, ಸೀರೆ ಕೊಡವುವುದು, ಚಪ್ಪಲಿ ಕೊಡವುವುದು. ಒಂದು ತಿಂಗಳು ಹೀಗೇ ನಡೆಯಿತು.

"ಪಾಪ, ಅವು ಎಂತ ಮಾಡಿದ್ವು ಗೋ ನಿನಗೆ? ಸಕ್ಕರೆ ಡಬ್ಬಿಗೂ ಬಂದದ್ದಲ್ಲ," ಎನ್ನುತ್ತಿದ್ದರು ಅತ್ತೆ.

ಜೂನ್ ಹತ್ತಿರ ಬಂದಿತ್ತು. ಒಂದು ಸಂಜೆ ಇಬ್ಬರೂ ಜಗುಲಿಯಲ್ಲಿ ಕೂತು ಹಲಸಿನ ಬೀಜ ಸುಲಿಯುತ್ತಿದ್ದೆವು. ಅತ್ತೆ ಅಂಗಳದಂಚಿನ ಹಲಸಿನ ಮರದ ಕಡೆ ಗದ್ದ ಎತ್ತಿ ತೋರಿಸಿದರು.

"ಹೋ, ಅಲ್ಲಿ ನೋಡು. ನನಗೆ ಕಚ್ಚಿದ್ದು ಇದರ ಜಾತಿದು."

ನಾನು ಹತ್ತಿರ ಹೋಗಿ ನೋಡಿದೆ. ಅದು ಗೊದ್ದ ಅಲ್ಲವೇ ಅಲ್ಲ.

"ಅತ್ತೆ! ಕಪ್ಪು ಅಂದ್ರಲ್ಲ ನೀವು!"

"ತಲೆ ಕಪ್ಪೇ, ಹಿಂದೆನೂ ಕಪ್ಪೇ. ನಡುವೆ ಒಂಚೂರು ಕೆಂಪಿದ್ರೆ ನಾನೆಂತ ಮಾಡೂದು? ಅದು ಕಚ್ಚೂವಾಗ ನಾ ಅದರ ಸೊಂಟ ನೋಡ್ತಾ ಕೂತ್ಕೊಳ್ಬೇಕಾಗಿತ್ತಾ?"

ನಗುವುದೋ ಅಳುವುದೋ ತಿಳಿಯಲಿಲ್ಲ. ತಿಂಗಳಿಡೀ ನಾನು ಏನೂ ಅರಿಯದ ಇರುವೆಗಳನ್ನು ಕೊಂದಿದ್ದೆ, ಕೊಲ್ಲಬಲ್ಲದ್ದು ನಮ್ಮ ಮರದ ಮೇಲೆ ಆರಾಮಾಗಿ ಓಡಾಡಿಕೊಂಡಿತ್ತು.

ಅದನ್ನು ಒಂದು ಖಾಲಿ ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು ಎರಡು ದಿನ ನೋಡಿದೆ. ಹೆಬ್ಬೆರಳ ಉಗುರಿನ ಉದ್ದ ಇತ್ತು. ಮೈ ಸಪೂರ. ಕಪ್ಪು ತಲೆಯಲ್ಲಿ ಎದ್ದು ಕಾಣುವ ದೊಡ್ಡ ಕಣ್ಣುಗಳು. ನಡುಭಾಗ ಹಣ್ಣಡಕೆಯ ಹಾಗೆ ಕೆಂಪು. ಹಿಂಭಾಗ ಮತ್ತೆ ಮಿರಮಿರ ಕಪ್ಪು, ತುದಿ ಚೂಪು. ಕಚ್ಚುವುದಕ್ಕಿಂತ ಅದು ಹಿಂದಿನಿಂದ ಚುಚ್ಚುವುದೇ ಹೆಚ್ಚು. ನನಗೆ ತೀರ ಹೆದರಿಕೆ ಹುಟ್ಟಿಸಿದ್ದು ಅದರ ನಡೆ. ಚಗಳಿ ಇರುವೆಯಾದರೆ ಎಲೆ ಹೊಲಿದ ಗೂಡು ಕಾಣುತ್ತದೆ, ಗೊದ್ದನಾದರೆ ಸಾಲು ಕಾಣುತ್ತದೆ. ಇದು ಒಂಟಿ. ಮರದ ಮೇಲೆ ಒಂದೇ ಒಂದು ಓಡಾಡುತ್ತದೆ, ಬೆರಳು ತಂದರೆ ಓಡಿಹೋಗುವುದಿಲ್ಲ, ತಲೆ ಎತ್ತಿ ನೋಡುತ್ತದೆ. ಸಾಲೇ ಇಲ್ಲದ ಮೇಲೆ ಹಿಂಬಾಲಿಸಿ ಗೂಡು ಹುಡುಕುವುದು ಎಲ್ಲಿಂದ?

ಬಾಟಲಿ ಹಿಡಿದು ಕಾರವಾರದಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಒಬ್ಬ ಮೇಷ್ಟ್ರ ಬಳಿ ಹೋದೆ. ಅವರು ಭೂತಗನ್ನಡಿಯಲ್ಲಿ ನೋಡಿ ನಾಲಿಗೆ ಹೊರಳದ ಒಂದು ಲ್ಯಾಟಿನ್ ಹೆಸರು ಹೇಳಿದರು. ಹೊರಗಿನಿಂದ ಬಂದದ್ದಲ್ಲ, ನಮ್ಮ ಮಣ್ಣಿನದೇ ಎಂದರು.

"ಎಲ್ಲೆಲ್ಲಿ ಇರ್ತದೆ ಸರ್?" ಎಂದು ಕೇಳಿದೆ.

"ನಮ್ಮ ಕರಾವಳಿ ತುಂಬ. ಈ ದೇಶದ ಹೆಚ್ಚಿನ ಕಡೆ. ಲಂಕೆ, ಬರ್ಮಾ, ಜಾವಾದವರೆಗೂ."

"ಇಲ್ಲದ ಊರು ಯಾವುದಾದ್ರೂ ಉಂಟಾ ಸರ್?"

ಅವರಿಗೆ ನನ್ನ ಮುಖ ನೋಡಿ ಪಾಪ ಎನಿಸಿರಬೇಕು. "ಇಲ್ಲೇ ಮಾಜಾಳಿಯಲ್ಲಿ ಹುಷಾರಾಗಿರಿ ಟೀಚರ್, ಅಷ್ಟು ಸಾಕು," ಎಂದರು. ಅವರು ಹೇಳಿದ್ದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಾಂಡದ ಮೇಲೆ ಒಂಟಿಯಾಗಿ ಓಡಾಟ. ಮರದ ಟೊಳ್ಳಿನಲ್ಲಿ ಗೂಡು. ಹಗಲು ಹೊತ್ತು ಚುರುಕು. ಮನೆಗೆ ಬಂದು ಅಡಿಗೆರೆಯನ್ನೂ ಎಳೆದೆ. ಎಲ್ಲ ತಿಳಿದುಕೊಂಡೆ ಎಂಬ ಜಂಬ ನನಗೆ.

ಆಮೇಲೆ ಹೋದಲ್ಲೆಲ್ಲ ನನ್ನ ಕಣ್ಣು ಮರಗಳ ಮೇಲೆ. ಸದಾಶಿವಗಡದ ಶಾಲೆಯ ಬಾದಾಮಿ ಮರದಲ್ಲಿ ಕಂಡಿತು. ಬಸ್ ನಿಲ್ದಾಣದ ಬಳಿಯ ಮರದಲ್ಲಿ ಕಂಡಿತು. ತವರಿಗೆ ಹೋದರೆ ಬೆಳಂಬಾರದ ನಮ್ಮ ಮಾವಿನ ಮರದಲ್ಲೂ ಇತ್ತು. ಚಿಕ್ಕಂದಿನಲ್ಲಿ ಅದೇ ಮರಕ್ಕೆ ಜೋತು ಬಿದ್ದು ಬೆಳೆದವಳು ನಾನು, ಒಂದು ದಿನವೂ ಈ ಇರುವೆಯನ್ನು ನೋಡಿರಲಿಲ್ಲ. "ಮರ ನೋಡ್ತಾ ನಡಿಯೂದು ಎಂತಕೆ? ಗುಂಡಿಗೆ ಬೀಳ್ತಿ ನೀ," ಎಂದು ಅಮ್ಮ ಬೈದಳು. ಕಡೆಗೆ ಅದು ನನಗೆ ಕಾಣದ ಜಾಗವೆಂದರೆ ಒಂದೇ, ಸಮುದ್ರದಂಡೆಯ ಹೊಯಿಗೆ, ಬರೀ ಮರಳು. ಸಂಜೆ ಅಲ್ಲಿಗೆ ತಿರುಗಾಡಲು ಹೋಗಿ ಎಂದು ಅತ್ತೆಗೆ ಹೇಳಿದೆ.

"ಅಲ್ಲಿ ನಾನೆಂತ ಮಾಡ್ಲಿ? ಮೀನು ಹಿಡಿಯೂವವರ ಬಲೆ ಬಿಡಿಸ್ತಾ ಕೂರೂದಾ?"

ಗುಡ್ಡೆ ಬಂದ್. ಹಲಸಿನ ಬುಡ ಬಂದ್. ಮಳೆ ಹಿಡಿದ ಮೇಲೆ ಅಣಬೆಗೆ ಹೋಗುವುದೂ ಬಂದ್. ಯಾರೂ ನನಗೆ ತೋರಿಸದೆ ಒಂದು ಸೊಪ್ಪಿನ ಕಡ್ಡಿಯನ್ನೂ ಮನೆಯೊಳಗೆ ತರುವ ಹಾಗಿಲ್ಲ. ಎರಡು ಮನೆಯಾಚೆ ಒಬ್ಬರು ನರ್ಸಮ್ಮ ಇದ್ದರು. ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ತಂದು ಅವರ ಕೈಯಲ್ಲಿ ಕೊಟ್ಟು, ಹೇಗೆ ಯಾವಾಗ ಚುಚ್ಚಬೇಕು ಎಂಬುದನ್ನು ಡಾಕ್ಟರ ಬಾಯಿಂದಲೇ ಫೋನಿನಲ್ಲಿ ಹೇಳಿಸಿದೆ. ಶಾಲೆಯಿಂದ ದಿನಕ್ಕೆ ಎರಡು ಸಲ ಮನೆಗೆ ಫೋನು ಮಾಡುತ್ತಿದ್ದೆ. ನಾಲ್ಕು ಸಲ ರಿಂಗಾಗಿ ಎತ್ತದಿದ್ದರೆ ಕೂಡಲೇ ನರ್ಸಮ್ಮನ ಮನೆಗೆ ಮಾಡುತ್ತಿದ್ದೆ.

"ಜೈಲಿನಲ್ಲಾದ್ರೂ ಅಂಗಳಕ್ಕೆ ಬಿಡ್ತಾರಂತೆ," ಎಂದು ಅತ್ತೆ ಮಗನ ಹತ್ತಿರ ದೂರಿದರು. ಗಂಡ ನನ್ನ ಮುಖ ನೋಡಿದರು. "ಇವಳು ಹೇಳಿದ ಹಾಗೆ ಕೇಳು ಆಯಿ. ಇವಳಷ್ಟು ಜಾಗ್ರತೆ ಯಾರಿಗಿದೆ?" ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ. ಸುಳ್ಳೇಕೆ ಹೇಳಲಿ.

ಚೌತಿ ಬಂತು. ನಮ್ಮ ಕಡೆ ಗಣಪತಿ ಕೂರಿಸಿದರೆ ಅವನ ತಲೆಯ ಮೇಲೆ ಫಲಾವಳಿ ಕಟ್ಟಲೇಬೇಕು. ಮಾಡಿನ ಜಂತಿಗೆ ಕೋಲುಗಳ ಚೌಕಟ್ಟೊಂದನ್ನು ತೂಗು ಹಾಕಿ, ಅದಕ್ಕೆ ತೆಂಗಿನಕಾಯಿ, ಹಸಿ ಅಡಕೆ ಗೊನೆ, ಸೌತೆ, ಹೀರೆ, ಅಂಬಟೆಕಾಯಿ, ಕಾಡಿನ ಹಣ್ಣು, ಹೂವು, ಬಳ್ಳಿ ಎಲ್ಲ ಕಟ್ಟಿ ಇಳಿಬಿಡುವುದು. ಆ ಮಳೆಗಾಲದಲ್ಲಿ ಗುಡ್ಡೆ ಕೊಟ್ಟದ್ದೆಲ್ಲ ಅವತ್ತು ದೇವರ ಮೇಲೆ ತೂಗಬೇಕು. ಅದನ್ನು ಹುಡುಕಿ ತರುವುದು, ಕಟ್ಟುವುದು ನಮ್ಮ ಮನೆಯಲ್ಲಿ ಯಾವಾಗಲೂ ಅತ್ತೆಯ ಕೆಲಸ. ಯೋಚಿಸಿ ನೋಡಿ, ಮರದಿಂದ ಮರಕ್ಕೆ ಹೋಗುವ ಕೆಲಸ! ಈ ವರ್ಷ ಎಲ್ಲ ನಾನೇ ತರುತ್ತೇನೆ, ನೀವು ಕೂತಲ್ಲೇ ಹೇಳಿ ಎಂದೆ. ಅವರು ಮುಖ ತಿರುಗಿಸಿ ಒಳಗೆ ಹೋದರು. ಮರುದಿನ ಪಟ್ಟಿ ಹೇಳಿದರು.

ನಾನು ತಂದದ್ದನ್ನೆಲ್ಲ ಹಿತ್ತಲ ಕಲ್ಲಿನ ಮೇಲೆ ಹರವಿ, ಎಲೆ ಎಲೆ ಮಗುಚಿ, ಉಪ್ಪು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದೆ.

"ದೇವರಿಗೆ ಉಪ್ಪಿನಕಾಯಿ ಹಾಕ್ತಿಯಾ ಗೋ?" ಎಂದು ಅತ್ತೆ ಬಾಗಿಲಲ್ಲಿ ನಿಂತು ನಕ್ಕರು. ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು.

ಹಬ್ಬದ ಹಿಂದಿನ ದಿನ ಅಟ್ಟದಿಂದ ಚೌಕಟ್ಟು ಇಳಿಸಿದರೆ ಒಂದು ಬದಿಯ ಕೋಲನ್ನು ಒರಲೆ ತಿಂದು ಹಾಕಿತ್ತು. ಗಂಡ ಕೆಲಸಕ್ಕೆ ಹೋಗಿದ್ದರು.

"ಪಕ್ಕದವರ ತೋಟದಿಂದ ಅಡಕೆ ದಬ್ಬೆ ಸೀಳಿಸಿ ತಾ. ಯಾವಾಗ್ಲೂ ಅದೇ ಹಾಕೂದು," ಎಂದರು ಅತ್ತೆ.

ತೋಟವೆಂದರೆ ಮರ, ಮರವೆಂದರೆ ಅದು. ನನ್ನ ತಲೆ ಓಡಿದ್ದು ಅಷ್ಟೇ. "ಹಸಿದು ಎಂತಕೆ ಅತ್ತೆ? ಒಣಗಿದ್ದು ಕಟ್ಟುವ. ಒಣ ಕೋಲಿನಲ್ಲಿ ಇರುವೆಗೆ ತಿನ್ಲಿಕ್ಕೆ ಎಂತ ಉಂಟು?" ಎಂದೆ.

"ದೇವರ ಮೇಲೆ ಒಣ ಕಟ್ಟಿಗೆ ಕಟ್ಟೂದಾ?" ಎಂದು ಗೊಣಗಿದರು. ಆಮೇಲೆ ಕೈ ಚೆಲ್ಲಿದರು. "ಆಯ್ತು ಗೋ. ಟೀಚರ್ ನೀನು."

ಕಟ್ಟಿಗೆ ರಾಶಿಯಿಂದ ನೆಟ್ಟಗಿನ ಗೇರುಕೊಂಬೆಯೊಂದನ್ನು ಆರಿಸಿದೆ. ಹಿಂದಿನ ವರ್ಷ ಕಡಿದು ಮಾಡಿನಡಿ ಒಟ್ಟಿದ್ದು, ಮಳೆಗಾಲದಲ್ಲೂ ಗರಿಗರಿಯಾಗಿತ್ತು. ಒಂದು ತುದಿಯಲ್ಲಿ ಪೆನ್ಸಿಲ್ ಹೋಗುವಷ್ಟು ತೂತಿತ್ತು. ಹುಳ ಕೊರೆದದ್ದು ಎಂದುಕೊಂಡೆ. ನೆಲಕ್ಕೆ ಎರಡು ಸಲ ಕುಟ್ಟಿದೆ. ಏನೂ ಬರಲಿಲ್ಲ. ಹಸಿಯದನ್ನೆಲ್ಲ ಉಪ್ಪುನೀರಿನಲ್ಲಿ ಅದ್ದಿದವಳು ಅದೊಂದನ್ನು ಅದ್ದಲಿಲ್ಲ, ಒದ್ದೆಯಾದರೆ ಹಗ್ಗ ಜಾರುತ್ತದೆ ಎಂದು. ಕೋಲು ನಾನೇ ಕಟ್ಟಿದೆ. ಫಲಾವಳಿ ನಾನೇ ಏರಿಸಿದೆ.

ಮರುದಿನ ಮಧ್ಯಾಹ್ನ ಗಂಡ ಪೂಜೆಗೆ ಕೂತರು. ಧೂಪ ಎದ್ದಿತು, ಕರ್ಪೂರ ಹೊತ್ತಿತು, ಹೊಗೆ ಸೀದಾ ಚೌಕಟ್ಟಿಗೆ ಹೋಗಿ ಮುಟ್ಟಿತು. ಅತ್ತೆ ಆರತಿ ತೆಗೆದುಕೊಂಡು ಗಣಪತಿಯ ಮುಂದೆ ಬಗ್ಗಿ ನಮಸ್ಕಾರ ಮಾಡಿದರು. ನಾನು ಗಂಟೆ ಬಾರಿಸುತ್ತಿದ್ದವಳು ಸುಮ್ಮನೆ ತಲೆ ಎತ್ತಿದೆ. ಅಂಬಟೆಕಾಯಿ ಕಟ್ಟಿದ ಬಿಳಿ ದಾರದ ಮೇಲೆ ಒಂದು ಇಳಿಯುತ್ತಿತ್ತು. ಕೆಂಪು ಸೊಂಟ. ಕಣ್ಣು ಕೋಲಿನ ತುದಿಗೆ ಹೋಯಿತು. ಆ ತೂತಿನಿಂದ ಒಂದರ ಹಿಂದೆ ಒಂದು ಹೊರಗೆ ಬರುತ್ತಿದ್ದವು, ಕೆಳಗೆ ಉದುರುತ್ತಿದ್ದವು.

ನಾನು ಗಂಟೆ ಎಸೆದು ಕಿರುಚಿದೆ. ಅತ್ತೆ ಆಗಲೇ ಕುತ್ತಿಗೆಗೆ ಕೈ ಹಾಕಿಕೊಂಡಿದ್ದರು.

ನರ್ಸಮ್ಮನ ಮನೆಗೆ ಬರಿಗಾಲಲ್ಲಿ ಓಡಿದೆ. ಅವರು ಮೋದಕ ಮಾಡುತ್ತಿದ್ದರು, ಹಿಟ್ಟಿನ ಕೈಯನ್ನು ಸೀರೆಗೇ ಒರೆಸಿಕೊಂಡು ಇಂಜೆಕ್ಷನ್ ಹಿಡಿದು ನನ್ನ ಜೊತೆ ಓಡಿ ಬಂದರು. ಬಂದು ನೋಡುವಾಗ ಅತ್ತೆಯ ತುಟಿ ನೀಲಿ. ತೊಡೆಗೆ ಚುಚ್ಚಿದರು. ಮತ್ತೆ ಅದೇ ವ್ಯಾನು, ಮತ್ತೆ ಅದೇ ಸೇತುವೆ. ತಲೆ ನನ್ನ ತೊಡೆಯ ಮೇಲಿತ್ತು. ಒಂದೊಂದು ಉಸಿರಿಗೂ, ಇನ್ನೊಂದು ಬರಲಿ, ಇನ್ನೊಂದು ಬರಲಿ ಎನ್ನುತ್ತಿದ್ದೆ. "ನನ್ನಿಂದ, ನನ್ನಿಂದ" ಎಂದೂ ಹೇಳುತ್ತಿದ್ದೆನಂತೆ. ಗಂಡ ಮುಂದಿನ ಸೀಟಿನಲ್ಲಿದ್ದರು, ಅವರಿಗೆ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತ್ತು ಎಂದು ಆಮೇಲೆ ಗೊತ್ತಾಯಿತು.

ಉಳಿದರು. ನರ್ಸಮ್ಮ ಹತ್ತು ನಿಮಿಷ ತಡ ಮಾಡಿದ್ದರೆ ಆಗುತ್ತಿರಲಿಲ್ಲ ಎಂದರು ಡಾಕ್ಟರು.

ಸಂಜೆ ಗಂಡ ಮನೆಗೆ ಹೋಗಿ, ಚೌಕಟ್ಟು ಇಳಿಸಿ, ಕೋಲು ಸೀಳಿ ನೋಡಿ ಮತ್ತೆ ಆಸ್ಪತ್ರೆಗೆ ಬಂದರು. ಮುಖ ಕಪ್ಪಿಟ್ಟಿತ್ತು. "ಒಳಗೆ ಪೂರಾ ಟೊಳ್ಳು. ಇರುವೆ, ಮೊಟ್ಟೆ, ತುಂಬಿ ಹೋಗಿತ್ತು," ಎಂದರು. ಆಮೇಲೆ ದನಿ ಏರಿತು. "ಆ ಕಟ್ಟಿಗೆ ಅಲ್ಲಿಗೆ ಹೇಗೆ ಬಂತು? ಒಂದು ಎಲೆನೂ ಒಳಗೆ ಬಿಡದವಳು ಇವಳು! ಯಾರು ತಂದದ್ದು ಅದನ್ನ?"

ಮರದ ಟೊಳ್ಳು ಎಂದು ನಾನೇ ಬರೆದುಕೊಂಡಿದ್ದೆನಲ್ಲ. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಗೂಬೆ ಕೂರುವಂಥ ದೊಡ್ಡ ಪೊಟರೆ. ಹೆಬ್ಬೆರಳ ದಪ್ಪದ ಒಣ ಕೋಲೂ ಮರವೇ ಎಂದು ಹೊಳೆದಿರಲಿಲ್ಲ. ಹೇಳಲು ಬಾಯಿ ತೆರೆದೆ.

"ನಾ ತಂದದ್ದು," ಎಂದರು ಅತ್ತೆ. ತುಟಿ ಇನ್ನೂ ಇಳಿದಿರಲಿಲ್ಲ, ಮಾತು ತೊದಲುತ್ತಿತ್ತು. "ಇವಳು ಬಚ್ಚಲಿಗೆ ಹೋದಾಗ ನಾನೇ ಕಟ್ದೆ. ಬೇಡ ಹೇಳಿದ್ಲು ಇವಳು."

ಗಂಡ ಅವರ ಮೇಲೆ ಹರಿಹಾಯ್ದರು. "ನಿನಗೆ ಬುದ್ಧಿ ಉಂಟಾ ಆಯಿ? ಇವಳು ನಾಲ್ಕು ತಿಂಗಳಿಂದ ನಿನ್ನ ಜೀವಕ್ಕಾಗಿ ಊಟ ನಿದ್ದೆ ಬಿಟ್ಟು ಒದ್ದಾಡ್ತಾಳೆ, ನೀನು ಹಠ ಮಾಡಿ ಸಾಯ್ಲಿಕ್ಕೆ ಹೋಗ್ತಿಯಾ?" ವಾರ್ಡಿನವರೆಲ್ಲ ತಿರುಗಿ ನೋಡಿದರು. ಯಾರಿಂದಲೂ ಒಂದು ಮಾತು ಕೇಳದ ಹೆಂಗಸು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ನಾನು ಚಾದ ಫ್ಲಾಸ್ಕು ಹಿಡಿದು ನಿಂತಿದ್ದೆ. ಹೇಳಬಹುದಿತ್ತು. ಹೇಳಲಿಲ್ಲ.

ಮನೆಗೆ ಬಂದ ಮೇಲೆ, ಇಬ್ಬರೇ ಇದ್ದಾಗ, ನಾನು ಅವರ ಕಾಲ ಬಳಿ ಕೂತು ಅತ್ತುಬಿಟ್ಟೆ.

"ಎಂತಕೆ ಸುಳ್ಳು ಹೇಳಿದ್ರಿ ಅತ್ತೆ?"

"ಅವ ನನ್ನ ಹೊಟ್ಟೆಯಲ್ಲಿ ಹುಟ್ಟಿದವ. ನನಗೆ ಬೈದದ್ದು ನಾಳೆಗೆ ಮರೀತಾನೆ, ನಾನೂ ಮರೀತೆ. ನಿನಗೆ ಬೈದಿದ್ರೆ ನೀ ಮರೀತಿದ್ಯಾ?" ಎಂದರು. ಸೆರಗಿನಿಂದ ನನ್ನ ಕಣ್ಣು ಒರೆಸಿ, "ಮತ್ತೆ, ತಪ್ಪು ನಿಂದೇ ಅಂತಾದ್ರೆ ನೀ ಇನ್ನೂ ಹೆದರ್ತಿ. ನನ್ನ ಒಲೆಯ ಹತ್ರಕ್ಕೂ ಬಿಡೂದಿಲ್ಲ ಆಮೇಲೆ. ನಿನ್ನ ಹೆದರಿಕೆಯಲ್ಲಿ ನಂಗೆ ಬದುಕೂಕಾಗೂದಿಲ್ಲ ಗೋ," ಎಂದರು.

ಅತ್ತೆ ಆಮೇಲೆ ಕೆಲವು ವರ್ಷ ಬದುಕಿದ್ದರು. ಹೋದದ್ದು ಬೇರೆ ಕಾಯಿಲೆಯಿಂದ, ತಮ್ಮ ಹಾಸಿಗೆಯಲ್ಲೇ. ಆದರೆ ಆ ಕತೆ ನಮ್ಮ ಬಳಗದಲ್ಲಿ ಉಳಿದುಬಿಟ್ಟಿದೆ. ಚೌತಿಗೆ ಎಲ್ಲರೂ ಸೇರಿ ಎಲೆಯ ಮುಂದೆ ಕೂತರೆ ಯಾರಾದರೊಬ್ಬರು ಅದನ್ನು ತೆಗೆದೇ ತೆಗೆಯುತ್ತಾರೆ. ಸೊಸೆ ಅಷ್ಟು ಬಡಕೊಂಡರೂ ಕೇಳದೆ, ತನ್ನ ತಲೆಯ ಮೇಲೆ ತಾನೇ ಇರುವೆ ಗೂಡು ಕಟ್ಟಿಕೊಂಡ ಮುದುಕಿ ಎಂದು. ಎಲ್ಲರೂ ನಗುತ್ತಾರೆ, ನನ್ನ ಗಂಡನೂ. ಕಡೆಗೆ ನನ್ನನ್ನು ಹೊಗಳುತ್ತಾರೆ, ಇಂಥ ಸೊಸೆ ಇದ್ದದ್ದಕ್ಕೆ ಜೀವ ಉಳಿಯಿತು ಎಂದು. ಹೋದ ಚೌತಿಗೂ ಹೇಳಿದರು. ಈ ಸಲ ಬಾಯಿ ಬಿಡಲೇಬೇಕು ಎಂದುಕೊಂಡೇ ನಾನು ಅಡಿಗೆಮನೆಯಿಂದ ಹೊರಗೆ ಬಂದಿದ್ದೆ. ಪಾಯಸ ಬಡಿಸಿ ಒಳಗೆ ಹೋದೆ. ಸತ್ತ ಮೇಲೂ ಅತ್ತೆ ನನ್ನ ಪಾಲಿನ ಬೈಗುಳ ತಿನ್ನುತ್ತಿದ್ದಾರೆ.